ಕಟ್ಟಿಗೆ ಮನೆಯ ಬಾಗಿಲು

"ಗುರುಗಳೇ, ನಾನು ಹನ್ನೆರಡು ವರ್ಷ ಕಲಿತದ್ದು ಕಟ್ಟಿಗೆ ಹೊರುವುದಕ್ಕೇ ಆಯಿತೇ?"

ಕೇಳಿದವನು ಅಡಿವೆಯ್ಯ. ಅವನು ಮೊದಲು ಒಂದು ದೊಡ್ಡ ಮಠದಲ್ಲಿ ಪ್ರವಚನ ಹೇಳುತ್ತಿದ್ದ. ಅಲ್ಲಿಯ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಆ ಮಠ ಒಡೆದು, ಶಿಷ್ಯರು ದಿಕ್ಕಿಗೊಬ್ಬರಾದರು. ಅಡಿವೆಯ್ಯ ಈ ಸಣ್ಣ ಮಠಕ್ಕೆ ಬಂದ. ಗುರುಗಳು ಅವನಿಗೆ ಮಲಗಲು ಒಂದು ಮೂಲೆ, ಹೊದೆಯಲು ಒಂದು ಕಂಬಳಿ ಕೊಟ್ಟು, ದಾಸೋಹದ ಒಲೆಗೆ ಕಟ್ಟಿಗೆ ತರುವ ಕೆಲಸ ಒಪ್ಪಿಸಿದರು.

ಅವನು ಒಲ್ಲೆ ಎನ್ನದೆ ತರುತ್ತಿದ್ದ. ಆದರೆ ಹಳೆಯ ಮಠದ ಭಕ್ತರು ಅವನನ್ನು ಅಲ್ಲಲ್ಲಿ ಗುರುತು ಹಿಡಿದು ಕಾಲಿಗೆ ಬೀಳುತ್ತಿದ್ದರು. ತಲೆಯ ಮೇಲೆ ಹೊರೆ ಇಟ್ಟುಕೊಂಡು ಆಶೀರ್ವಾದ ಮಾಡುವುದು ಹೇಗೆ? ಇಳಿಸುತ್ತಿದ್ದ. ಇಳಿಸಿದ ಮೇಲೆ ನಾಲ್ಕು ಒಳ್ಳೆಯ ಮಾತು ಹೇಳದೆ ಕಳಿಸುವುದು ಹೇಗೆ? ಹೇಳುತ್ತಿದ್ದ. ಅಷ್ಟರಲ್ಲಿ ಒಲೆ ತಣ್ಣಗಾಗಿ, ಪಂಕ್ತಿಯಲ್ಲಿ ಕೂತವರು ಖಾಲಿ ಎಲೆ ನೋಡುತ್ತ ಕೂರುತ್ತಿದ್ದರು. ಆ ದಿನವೂ ಹಾಗೇ ಆಗಿತ್ತು. ಹೊರೆಯನ್ನು ಅಂಗಳದಲ್ಲಿ ಇಳಿಸಿ, ಬಂದವರನ್ನು ಹರಸಿ ಕಳಿಸಿ, ಅಡುಗೆಯವನಿಂದ ಒಂದು ಬಿರುಸು ಮಾತು ಕೇಳಿಸಿಕೊಂಡು, ಅಡಿವೆಯ್ಯ ನೇರವಾಗಿ ಗುರುಗಳ ಎದುರು ಬಂದು ಕೂತಿದ್ದ.

"ನನ್ನ ಕಲಿಕೆಗೆ ಇಲ್ಲಿ ಬೆಲೆ ಇಲ್ಲದಿದ್ದರೆ ಹೇಳಿಬಿಡಿ. ಬೆಲೆ ಇರುವಲ್ಲಿಗೆ ಹೋಗುತ್ತೇನೆ" ಎಂದ.

ಗುರುಗಳಿಗೆ ಸಿಟ್ಟು ಬರಲಿಲ್ಲ. "ಹೋಗುವೆಯಂತೆ. ಒಂದು ಕತೆ ಕೇಳಿಕೊಂಡು ಹೋಗು. ದಾರಿಯಲ್ಲಿ ಮೆಲುಕು ಹಾಕಲು ಏನಾದರೂ ಬೇಕಲ್ಲ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಕೈ ಒಳ್ಳೆಯದು, ಮಣ್ಣು ಒಳ್ಳೆಯದು. ಕೊರತೆ ಒಂದೇ. ಅವನ ಕಟ್ಟಿಗೆ ಹಿತ್ತಲಿನ ಬಯಲಲ್ಲಿ ಬಿದ್ದಿರುತ್ತಿತ್ತು. ಮಳೆ ಬಂದರೆ ತೊಯ್ಯುತ್ತಿತ್ತು. ತೊಯ್ದ ಕಟ್ಟಿಗೆಯನ್ನು ಗಡಿಗೆ ಸುಡುವ ಆವಿಗೆಗೆ ಇಟ್ಟರೆ ಅದು ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅಂಥ ಆವಿಗೆಯಲ್ಲಿ ಗಡಿಗೆ ಅರೆಬರೆ ಬೇಯುತ್ತದೆ. ಅರೆಬೆಂದ ಗಡಿಗೆಗೆ ನೀರು ಹಾಕಿದರೆ ಅದು ಮರಳಿ ಮಣ್ಣಾಗುತ್ತದೆ. ಪ್ರತಿ ಮಳೆಗಾಲದಲ್ಲಿ ಅವನ ಒಂದೆರಡು ಆವಿಗೆ ಹೀಗೆ ಕೆಡುತ್ತಿದ್ದವು.

ಒಂದು ಬೇಸಿಗೆಯಲ್ಲಿ ಕುಂಬಾರನು ಹಿತ್ತಲಿನಲ್ಲಿ ಕಟ್ಟಿಗೆ ಮನೆ ಕಟ್ಟಬೇಕೆಂದು ಮನಸ್ಸು ಮಾಡಿದ. ಹೊಸ ಮರಮುಟ್ಟು ತರುವ ಶಕ್ತಿ ಇರಲಿಲ್ಲ. ಊರಿನಲ್ಲಿ ಯಾರು ಏನನ್ನು ಬಿಸಾಡುತ್ತಾರೆ ಎಂದು ನೋಡುತ್ತ ತಿರುಗಿದ.

ಎಣ್ಣೆ ತೆಗೆಯುವವನ ಗಾಣ ಮುರಿದು ಬಿದ್ದಿತ್ತು. ಅದರ ಮರ ಎಣ್ಣೆ ಕುಡಿದು ಕಪ್ಪಗಾಗಿತ್ತು. ಗೆದ್ದಲು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಅದು ಮುಂದಿನ ಒಂದು ಮೂಲೆಯ ಕಂಬವಾಯಿತು. ದನ ಕಟ್ಟುತ್ತಿದ್ದ ಮೂರು ಕಲ್ಲುಗೂಟಗಳನ್ನು ಒಬ್ಬ ರೈತ ಕೊಟ್ಟ. ಅವು ಉಳಿದ ಮೂರು ಮೂಲೆಗೆ ನಿಂತವು. ನೇಕಾರನ ಮನೆಯ ಹಳೆಯ ಮಗ್ಗದ ಮರಗಳು ಜಂತೆಯಾದವು. ಮುರಿದ ಚಕ್ಕಡಿಯ ಬಿದಿರಿನ ತಟ್ಟಿಗಳನ್ನು ಸುತ್ತಲೂ ಕಟ್ಟಿದ. ಅವುಗಳ ಸಂದಿಯಲ್ಲಿ ಗಾಳಿ ಬರುತ್ತಿತ್ತು, ಮಳೆಯ ಎರಚಲು ಬರುತ್ತಿರಲಿಲ್ಲ. ಕಟ್ಟಿಗೆಗೆ ಬೇಕಾದದ್ದು ಅಷ್ಟೇ.

ನೆಲಕ್ಕೆ ಒಡೆದ ಗಡಿಗೆಯ ಚೂರುಗಳನ್ನು ಮೊಳದೆತ್ತರ ಸುರಿದು ದಮ್ಮಸು ಮಾಡಿದ. ಅಂಥ ಚೂರಿಗೆ ಕುಂಬಾರನ ಮನೆಯಲ್ಲಿ ಎಂದೂ ಬರವಿಲ್ಲ. ಮೇಲೆ ಹೊದಿಸಲು ಸೊಟ್ಟ ಹೆಂಚುಗಳಿದ್ದವು. ಆವಿಗೆಯಲ್ಲಿ ಬಾಗಿ, ಯಾರೂ ಒಯ್ಯದೆ, ಹತ್ತು ವರ್ಷದಿಂದ ಬೇಲಿಯ ಬುಡದಲ್ಲಿ ಬಿದ್ದಿದ್ದವು. ಒಂದು ಹೆಂಚಿನಂತೆ ಇನ್ನೊಂದಿಲ್ಲ. ಅವನು ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿ, ಒಂದರ ಸೊಟ್ಟಕ್ಕೆ ಇನ್ನೊಂದರ ಸೊಟ್ಟ ಕೂಡುವಂತೆ ಹೊಂದಿಸಿದ. ಅವನ ಹೆಂಡತಿ ಕೆಳಗಿನಿಂದ ಕೊಡ ನೀರು ಎತ್ತಿ ಕೊಟ್ಟಳು, ಅವನು ಮೇಲಿಂದ ಸುರಿದ. ಒಳಗೆ ಒಂದು ಹನಿ ಬೀಳಲಿಲ್ಲ. ಗಂಡ ಹೆಂಡಿರಿಬ್ಬರೂ ಮಕ್ಕಳ ಹಾಗೆ ನಕ್ಕರು.

ಕುಂಬಾರನು ಇಷ್ಟಕ್ಕೆ ನಿಲ್ಲಿಸಿದ್ದರೆ ನನಗೆ ಈ ಕತೆ ಹೇಳುವ ಕೆಲಸ ಇರುತ್ತಿರಲಿಲ್ಲ. ಬಾಗಿಲು ಒಂದು ಬಾಕಿ ಇತ್ತು.

ಆ ಊರಿನ ದೊಡ್ಡಮನೆಯವರು ಆ ವರ್ಷ ಮನೆಯ ಮುಂಭಾಗವನ್ನು ಕೆಡವಿ ಹೊಸದಾಗಿ ಕಟ್ಟಿಸಿದ್ದರು. ಹಳೆಯ ತಲಬಾಗಿಲು, ಚೌಕಟ್ಟು ಹೊಸ್ತಿಲ ಸಮೇತ, ಅಂಗಳದ ಮೂಲೆಯಲ್ಲಿ ಒರಗಿತ್ತು. ಸಾಗವಾನಿ ಮರ. ಕದದ ತುಂಬ ಹಿತ್ತಾಳೆಯ ಗುಬ್ಬಿಮೊಳೆಗಳು. ಚೌಕಟ್ಟಿನ ಮೇಲುಪಟ್ಟಿಯಲ್ಲಿ ಗಜಲಕ್ಷ್ಮಿ, ಆಚೆಗೊಂದು ಈಚೆಗೊಂದು ಆನೆ. ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಕುಂಬಾರನು ಸುಮ್ಮನೆ ಕೇಳಿ ನೋಡಿದ. "ತಗೊಂಡು ಹೋಗೋ ಮಾರಾಯಾ, ಅಂಗಳಾರ ಹಸನಾಗತೈತಿ" ಎಂದ ಆ ಮನೆಯ ಕಾರಭಾರಿ.

ನಾಲ್ಕು ಜನ ಹೊತ್ತು ತಂದರು. ತಂದ ಮೇಲೆ ನೋಡಿದರೆ ಕಟ್ಟಿಗೆ ಮನೆಗಿಂತ ಬಾಗಿಲೇ ಎತ್ತರ. ಬುದ್ಧಿ ಇದ್ದವನು ಅದನ್ನು ಅಲ್ಲಿಗೇ ಬಿಡುತ್ತಿದ್ದ. ಕುಂಬಾರನು ಹೊದಿಸಿದ ಹೆಂಚನ್ನೆಲ್ಲ ಇಳಿಸಿದ. ಮುಂದಿನ ಎರಡೂ ಮೂಲೆಯ ಕಂಬಗಳ ಕೆಳಗೆ ಕಲ್ಲು ಕೊಟ್ಟು ಒಂದೂವರೆ ಮೊಳ ಎತ್ತರಿಸಿದ. ಮತ್ತೆ ಎಂಟು ದಿನ ಹೆಂಚು ಹೊಂದಿಸಿದ. ಕಟ್ಟಿಗೆ ಮನೆಗೆ ಬಾಗಿಲು ಹಚ್ಚುವ ಬದಲು, ಬಾಗಿಲಿಗೆ ಒಂದು ಕಟ್ಟಿಗೆ ಮನೆ ಹಚ್ಚಿದಂತಾಯಿತು.

ಇಲ್ಲಿ ಅಡಿವೆಯ್ಯನಿಗೆ ತಡೆಯಲಾಗಲಿಲ್ಲ. "ತಪ್ಪು ಅವನದೇ, ಗುರುಗಳೇ. ಅಂಥ ಬಾಗಿಲಿಗೆ ತಕ್ಕ ಮನೆ ಸಿಗಬೇಕಿತ್ತು" ಎಂದ.

"ನಿನಗೆ ಹಾಗೆ ಅನ್ನಿಸುತ್ತದೆ ಎಂದು ನನಗೆ ಗೊತ್ತಿತ್ತು" ಎಂದು ಗುರುಗಳು ನಕ್ಕು, ಮುಂದುವರಿಸಿದರು.

ಬಾಗಿಲು ನಿಂತ ಮರುದಿನ ಕುಂಬಾರನ ಹೆಂಡತಿ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಹಚ್ಚಿದಳು. ಹೊಸ್ತಿಲು ಎಂದ ಮೇಲೆ ಅಷ್ಟು ಮಾಡದಿದ್ದರೆ ಹೇಗೆ? ಎರಡನೆಯ ದಿನ ರಂಗೋಲಿ ಬಂತು. ಮೂರನೆಯ ದಿನ ಮೆಟ್ಟಿದ ಕಾಲಮರಿಯನ್ನು ಕಳಚಿ ಹೊರಗೆ ಬಿಡಬೇಕಾಯಿತು. ನಾಲ್ಕನೆಯ ದಿನ ಕುಂಬಾರನು ಜಾಲಿಕಟ್ಟಿಗೆಯ ಹೊರೆ ಹೊತ್ತು ಒಳಗೆ ಹೊರಟಾಗ ಅವಳು ಅಡ್ಡ ಬಂದಳು.

"ಮ್ಯಾಲ ಲಕ್ಷ್ಮಿ ಕುಂತಾಳ. ಇರಿವಿ ಹತ್ತಿದ ಮುಳ್ಳುಕಟಗಿ ಆಕಿ ಕೆಳಗ ಹೆಂಗ ಒಯ್ತೀರಿ? ಒಂದು ಚಲೋ ದಿನಾ ನೋಡಿ, ತೊಳದು ಒಯ್ಯೋಣು."

ಕಟ್ಟಿಗೆಯನ್ನು ಯಾರಾದರೂ ತೊಳೆಯುತ್ತಾರೆಯೇ? ಅವನು ಹೊರೆಯನ್ನು ಹೊರಗೆ, ಸೂರಿನ ಪಕ್ಕಕ್ಕೆ ಇಳಿಸಿದ. ಅದರ ಮೇಲೆ ಮತ್ತೊಂದು ಹೊರೆ ಬಂತು. ಹಾಗೇ ವರ್ಷದ ಕಟ್ಟಿಗೆಯೆಲ್ಲ ಹೊರಗೇ ಒಟ್ಟಾಯಿತು. ಮೇಲೆ ಹರಕು ಚಾಪೆ ಹೊದಿಸಿದರು.

ತಪ್ಪು ಅವಳೊಬ್ಬಳದೇ ಅಲ್ಲ. ಶುಕ್ರವಾರ ಓಣಿಯ ಹೆಂಗಸರು ಬಂದು ಹೊಸ್ತಿಲಿಗೆ ಕೈಮುಗಿಯತೊಡಗಿದರು. ದೊಡ್ಡಮನೆಯ ಬಾಗಿಲನ್ನು ಅವರು ಅಷ್ಟು ಹತ್ತಿರದಿಂದ ಎಂದು ಕಂಡಿದ್ದರು? ಆ ಹೊತ್ತಿಗೆ ಕುಂಬಾರನಿಗೆ ಗಡಿಗೆ ತಿರುವುವ ತಿಗರಿಯ ಮುಂದೆ ಕೂರಲು ಮನಸ್ಸಾಗುತ್ತಿರಲಿಲ್ಲ. ಮೈ ತೊಳೆದು, ಒಗೆದ ಅಂಗಿ ತೊಟ್ಟು, ಬಾಗಿಲಿನ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದ. ಅವರು ಕೈಮುಗಿದದ್ದು ಬಾಗಿಲಿಗೆ. ಅದರಲ್ಲಿ ಒಂದು ಪಾಲು ತನಗೂ ಬಂತೆಂದು ಇವನು ತಿಳಿದ. ಗಾಣದ ಮರ ಹೆಂಚು ಹೊತ್ತು ನಿಂತಿತ್ತು. ಮಗ್ಗದ ಮರ, ಕಲ್ಲುಗೂಟ, ತಟ್ಟಿ, ಎಲ್ಲವೂ ಹೇಳಿದ ಕೆಲಸ ಮಾಡುತ್ತಿದ್ದವು. ಅವಕ್ಕೆ ಯಾರೂ ಕೈಮುಗಿಯಲಿಲ್ಲ, ಅವೂ ಕೇಳಲಿಲ್ಲ. ಒಳಗಿನ ನೆಲವನ್ನು ಸಾರಿಸಿ, ನಡುವೆ ಒಂದು ದೀಪ ಇಟ್ಟಿದ್ದರು. ಕಟ್ಟಿಗೆ ಮನೆಯಲ್ಲಿ ಕಟ್ಟಿಗೆ ಒಂದನ್ನು ಬಿಟ್ಟು ಎಲ್ಲವೂ ಇತ್ತು.

ರೋಹಿಣಿ ಮಳೆ ಆ ವರ್ಷ ಬೇಗ ಹಿಡಿಯಿತು. ಅದೇ ಜ್ಯೇಷ್ಠ ಮಾಸದಲ್ಲಿ ದೊಡ್ಡಮನೆಯ ಮೊಮ್ಮಗಳ ಲಗ್ನ ಗೊತ್ತಾಯಿತು.

ಲಗ್ನಕ್ಕೆ ಐರಣಿ ಬೇಕು. ಸುಣ್ಣ ಬಳಿದು ಚಿತ್ರ ಬರೆದ ಆ ಗಡಿಗೆಗಳನ್ನು ಕುಂಬಾರನ ಮನೆಯಿಂದ ಬಾಜಾಭಜಂತ್ರಿಯೊಡನೆ ತಂದು ಇಡದೆ ಆ ಸೀಮೆಯಲ್ಲಿ ಲಗ್ನ ಶುರುವಾಗುವುದಿಲ್ಲ. ಆ ಮನೆಗೆ ಐರಣಿ ಕೊಡುವ ಹಕ್ಕು ಇವನ ಅಜ್ಜನ ಕಾಲದಿಂದ ಬಂದದ್ದು. ಅದಕ್ಕೊಂದು ಕಟ್ಟಳೆಯೂ ಇತ್ತು. ಒಂದು ಮನೆಗೆ ಒಮ್ಮೆ ಪರವೂರಿನ ಐರಣಿ ಬಂದರೆ, ಆ ಹಕ್ಕು ಮತ್ತೆ ಊರ ಕುಂಬಾರನಿಗೆ ಮರಳುವುದಿಲ್ಲ. ದೊಡ್ಡಮನೆ ಹೋದರೆ ಉಳಿದ ಮನೆಗಳೂ ಅದರ ಹಿಂದೆ ಹೋಗುತ್ತವೆ. ಆಮೇಲೆ ಅವನು ಗಡಿಗೆ ಮಾಡಬಹುದು. ಊರಿನ ಕುಂಬಾರ ಎನ್ನಿಸಿಕೊಳ್ಳುವುದಿಲ್ಲ.

ಐರಣಿಗೆ ಯಾವಾಗಲೂ ಎರಡು ಜೊತೆ ಮಾಡುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಕುಂಬಾರನು ಮೊದಲನೆಯ ಜೊತೆಯನ್ನು ಆವಿಗೆಗೆ ಹಾಕಿದ. ಚಾಪೆಯ ಕೆಳಗಿನ ಕಟ್ಟಿಗೆ ಹೊರಗೆಲ್ಲ ತೊಯ್ದಿತ್ತು. ಬೆಂಕಿ ಮೇಲೇಳಲಿಲ್ಲ. ದಿನವಿಡೀ ಹೊಗೆ. ಆವಿಗೆ ಬಿಚ್ಚಿ, ಗಡಿಗೆಯನ್ನು ಬೆರಳಿನಿಂದ ಬಡಿದು ನೋಡಿದ. ಬೆಂದ ಗಡಿಗೆ ಟಣ್ ಎನ್ನಬೇಕು. ಅದು ದಡ್ ಎಂದಿತು. ಒಂದರ ಅಂಚು ಕೈಯಲ್ಲೇ ಉದುರಿತು.

ಲಗ್ನಕ್ಕೆ ಹನ್ನೆರಡು ದಿನ ಉಳಿದಿತ್ತು. ಹೊಸದಾಗಿ ಮಾಡಿದರೆ ಆ ಮಳೆಯಲ್ಲಿ ಹಸಿ ಗಡಿಗೆ ಒಣಗುವುದಿಲ್ಲ. ಕೈಯಲ್ಲಿ ಇದ್ದದ್ದು ಇನ್ನೊಂದು ಜೊತೆ, ಇನ್ನೊಂದೇ ಆವಿಗೆ. ಕುಂಬಾರನಿಗೆ ಅನ್ನ ಸೇರದಾಯಿತು. ಅವನ ಹೆಂಡತಿ ಹೊಸ್ತಿಲಿಗೆ ಎರಡು ಹೂವು ಹೆಚ್ಚಿಗೆ ಇಟ್ಟು ಬೇಡಿಕೊಂಡಳು. ಬಾಗಿಲು ಏನು ಹೇಳೀತು, ಪಾಪ?

ಸುದ್ದಿ ದೊಡ್ಡಮನೆಗೆ ಮುಟ್ಟಿತು. ಮಾರನೆಯ ದಿನ ಆ ಮನೆಯ ಹಿರಿಯಾಕೆ, ಮದುಮಗಳ ಅಜ್ಜಿ, ತಾನೇ ನಡೆದು ಬಂದಳು. ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಕೈಯಲ್ಲಿ ಒಂದು ಕೊಡೆ.

"ಏನಪಾ, ಆವಿಗಿ ಕೆಟ್ಟತಂತ?"

"ಹೌದ್ರಿ ಅವ್ವಾರ. ಕಟಗಿ ತೊಯ್ದಿದ್ದುವ್ರಿ."

"ಕಟಗಿ ಮನಿ ಕಟ್ಟೀ ಅಂತ ಕೇಳಿದ್ದೆ. ಸೋರತೈತೇನು?"

"ಇಲ್ರಿ. ಒಂದು ಹನಿ ಒಳಗ ಬರಂಗಿಲ್ಲ."

"ಹಂಗಾರ ಕಟಗಿ ಹೊರಗ ಯಾಕ ಅದಾವು?"

ಕುಂಬಾರನು ತಲೆ ತಗ್ಗಿಸಿದ. "ನಿಮ್ಮ ಹೊಸ್ತಿಲ ಐತ್ರಿ ಅದಕ್ಕ. ಮ್ಯಾಲ ಲಕ್ಷ್ಮಿ" ಎಂದ.

ಹಿರಿಯಾಕೆ ಹಿತ್ತಲಿಗೆ ಹೋದಳು. ಬಾಗಿಲಿನ ಮುಂದೆ ಬಹಳ ಹೊತ್ತು ನಿಂತಳು. ಅದನ್ನು ಕಿತ್ತ ದಿನ ಅವಳು ನೋಡಲಾರದೆ ಒಳಗೆ ಕೂತಿದ್ದಳು. ಆಮೇಲೆ ಅದು ಎಲ್ಲಿಗೆ ಹೋಯಿತೆಂದು ಯಾರನ್ನೂ ಕೇಳಿರಲಿಲ್ಲ. ಒಂದು ಹಿತ್ತಾಳೆಯ ಗುಬ್ಬಿಯನ್ನು ಕೈಯಿಂದ ಸವರಿದಳು. ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು. ಒಳಗೆ ಇಣುಕಿ ನೋಡಿದಳು. ಸಾರಿಸಿದ ನೆಲ, ಒಂದು ದೀಪ. ಹೊರಗೆ ನೀರು ಸೋರುವ ಕಟ್ಟಿಗೆಯ ರಾಶಿ. ಅವಳಿಗೆ ನಗು ಬಂತು.

"ಈ ಹೊಸ್ತಿಲಿಗೆ ನನ್ನ ಕಾಲು ಮೊದಲ ಮಾಡಿದ ಕೆಲಸ ಏನು ಗೊತ್ತೈತೇನು? ಒದ್ದದ್ದು. ಮದುಮಗಳಾಗಿ ಬಂದ ದಿನಾ ಇದರ ಮ್ಯಾಲಿನ ಸೇರು ಒದ್ದು ಒಳಗ ಬಂದೆ. ಲಕ್ಷ್ಮಿ ಸಿಟ್ಟಾಗಲಿಲ್ಲ. ಜ್ವಾಳದ ಚೀಲಾ ಎಳಕೊಂಡು ಬಂದ್ರು, ಸಿಟ್ಟಾಗಲಿಲ್ಲ. ಮಳ್ಯಾಗ ತೊಯ್ದ ಕರಾ ಎತ್ತಿಕೊಂಡು ಬಂದ್ರು. ಅದು ಇಲ್ಲೇ ಸಗಣಿ ಹಾಕ್ತು. ತೊಳದು ಮತ್ತ ಕುಂಕುಮ ಹಚ್ಚಿದೆ. ನಮ್ಮ ಮಾವನ್ನ ಇದರಾಗಿಂದನ ಹೊರಗ ಒಯ್ದ್ರು. ತೊಳದು ಮತ್ತ ಕುಂಕುಮ ಹಚ್ಚಿದೆ. ಐವತ್ತು ವರ್ಷ ಇದರ ಮುಂದ ಯಾರೂ ಏನೂ ಇಳಿಸಿ ಹೊಳ್ಳಿ ಹೋಗಿಲ್ಲಪಾ. ಒಳಗ ಏನೂ ಒಯ್ಯಬಾರದು ಅಂದ್ರ ಅದು ಗ್ವಾಡಿ, ಬಾಗಲಾ ಅಲ್ಲ."

ಕುಂಬಾರನ ಹೆಂಡತಿ ಬಾಗಿಲ ಮೇಲಿನ ಲಕ್ಷ್ಮಿಯನ್ನೂ ಹಿರಿಯಾಕೆಯನ್ನೂ ನೋಡಿದಳು.

"ಬಾಗಲಾ ಬ್ಯಾಡಾಗಿದ್ರ ಹೇಳು. ನೂರು ವರ್ಷದ ಸಾಗವಾನಿ ಐತಿ, ಒಣಗಿ ಕಟಕಲಾಗೈತಿ. ಕಡಿದು ಆವಿಗಿಗೆ ಹಾಕು. ಚಲೋ ಉರೀತೈತಿ" ಎಂದಳು ಹಿರಿಯಾಕೆ.

ಆ ಮಾತು ತಮಾಷೆಯೋ ನಿಜವೋ ಎಂದು ಕುಂಬಾರನಿಗೆ ತಿಳಿಯಲಿಲ್ಲ. ಹಿರಿಯಾಕೆ ಕೊಡೆಯನ್ನು ಮಡಚಿ ತಟ್ಟಿಗೆ ಒರಗಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಕೆಸರು ಮೆತ್ತಿದ ಜಾಲಿಕಟ್ಟಿಗೆಯನ್ನು ಎರಡೂ ತೋಳಿನ ತುಂಬ ಎತ್ತಿಕೊಂಡಳು. ಇರುವೆಗಳು ಅವಳ ಕೈ ಮೇಲೆ ಹರಿದವು. ಮದುಮಗಳು ಇಡುವ ಹಾಗೆಯೇ ಬಲಗಾಲು ಮುಂದಿಟ್ಟು, ಹೊಸ್ತಿಲು ದಾಟಿ, ದೀಪದ ಪಕ್ಕದಲ್ಲಿ ಕಟ್ಟಿಗೆಯನ್ನು ಇಳಿಸಿದಳು.

ಆಕಾಶ ಬೀಳಲಿಲ್ಲ. ಆನೆಗಳು ಎದ್ದು ಹೋಗಲಿಲ್ಲ.

ಎರಡನೆಯ ಹೊರೆ ಹೊತ್ತವಳು ಕುಂಬಾರನ ಹೆಂಡತಿ. ಮೂರನೆಯದಕ್ಕೆ ಕುಂಬಾರನೂ ಕೂಡಿದ. ಸಂಜೆಯ ಹೊತ್ತಿಗೆ ರಾಶಿಯೆಲ್ಲ ಒಳಗಾಯಿತು. ಕಟ್ಟಿಗೆಯನ್ನು ತೆಳ್ಳಗೆ ಸೀಳಿ, ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ನಡುವೆ ಗಾಳಿಗೆ ದಾರಿ ಬಿಟ್ಟರು. ಹಳೆಯ ಕಟ್ಟಿಗೆ, ತೊಯ್ದದ್ದು ಮೈ ಮಾತ್ರ, ಒಳಗೆ ಒಣಗಿಯೇ ಇತ್ತು. ತಟ್ಟಿಯ ಸಂದಿಯಲ್ಲಿ ಪಡುವಣ ಗಾಳಿ ನುಗ್ಗಿತು. ಅಷ್ಟು ಎತ್ತರದ ಬಾಗಿಲು ತೆರೆದಿಟ್ಟ ಮೇಲೆ ಗಾಳಿಗೆ ಏನು ಕೊರತೆ? ಸಣ್ಣ ಬಾಗಿಲಾಗಿದ್ದರೆ ಅಷ್ಟು ಬೇಗ ಒಣಗುತ್ತಿರಲಿಲ್ಲ ಎಂದು ಕುಂಬಾರನೇ ಆಮೇಲೆ ಹೇಳುತ್ತಿದ್ದ. ಹೊರಗೆ ಮಳೆ ಬೀಳುತ್ತಲೇ ಇತ್ತು. ಎಂಟನೆಯ ದಿನ ಒಂದು ಸೀಳನ್ನು ಇನ್ನೊಂದಕ್ಕೆ ಬಡಿದರೆ ಖಣ್ ಎಂದಿತು.

ಒಂಬತ್ತನೆಯ ದಿನ ಮಳೆ ಬಿಡುವು ಕೊಟ್ಟಿತು. ಆವಿಗೆ ಹಚ್ಚಿದರು. ಆ ದಿನ ಬೆಳಿಗ್ಗೆಯೂ ಕುಂಬಾರನ ಹೆಂಡತಿ ಹೊಸ್ತಿಲು ತೊಳೆದು ಕುಂಕುಮ ಹಚ್ಚಿದ್ದಳು. ಅದನ್ನು ಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಸರದಲ್ಲಿ ಕಟ್ಟಿಗೆಯನ್ನು ಅದರ ಮೇಲೆಯೇ ಎಳೆದು ತಂದರು. ಆವಿಗೆಗೆ ಹೋದ ಒಂದೊಂದು ಕಟ್ಟಿಗೆಯ ತುದಿಗೂ ಕುಂಕುಮ ಹತ್ತಿತ್ತು. ಗಡಿಗೆಗಳು ಕೆಂಪಗೆ ಬೆಂದವು. ಕುಂಬಾರನು ಒಂದನ್ನು ಕಿವಿಯ ಹತ್ತಿರ ಹಿಡಿದು ಬಡಿದ. ಟಣ್ ಎಂದಿತು. ಅವನು ಅಲ್ಲೇ ಕೂತು ಅತ್ತುಬಿಟ್ಟ. ಹನ್ನೆರಡನೆಯ ದಿನ ದೊಡ್ಡಮನೆಯ ಹೆಂಗಸರು ಬಾಜಾಭಜಂತ್ರಿಯೊಡನೆ ಬಂದು ಐರಣಿಗೆ ಆರತಿ ಎತ್ತಿ ಹೊತ್ತುಕೊಂಡು ಹೋದರು. ಅವರೆಲ್ಲರ ಮುಂದೆ ಹಿರಿಯಾಕೆ ಇದ್ದಳು. ಹೋಗುವ ಮೊದಲು ಒಬ್ಬಳೇ ಹಿತ್ತಲಿಗೆ ಹೋಗಿ ಬಂದಳು.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ಹೊರಗೆ ಬಿಸಿಲು ಮಂಕಾಗಿತ್ತು. ಅಡುಗೆಮನೆಯ ಕಡೆಯಿಂದ ಬರಿಯ ಹೊಗೆಯ ವಾಸನೆ ಬರುತ್ತಿತ್ತು.

ಅಡಿವೆಯ್ಯ ಕಲಿತವನು, ಕತೆಯಲ್ಲಿ ತಾನು ಯಾರೆಂದು ಅವನಿಗೆ ತಿಳಿದಿತ್ತು. ತಿಳಿದದ್ದರಿಂದಲೇ ಇನ್ನೊಂದು ಪ್ರಶ್ನೆ ಎದ್ದಿತು.

"ಒಪ್ಪಿದೆ, ಗುರುಗಳೇ. ಆದರೆ ಬಾಗಿಲಿನ ಮಾತು ಬೇರೆ. ಅದಕ್ಕೆ ತಾನು ಮೊದಲು ಎಲ್ಲಿತ್ತೆಂಬ ನೆನಪಿಲ್ಲ. ನೆನಪಿರುವ ಮನುಷ್ಯ ಏನು ಮಾಡಬೇಕು? ಭಕ್ತರು ಕಾಲಿಗೆ ಬಿದ್ದಾಗ ನಾನು ಏನೆಂದು ತಿಳಿಯಬೇಕು? ಇದನ್ನು ಶಾಸ್ತ್ರದಲ್ಲಿ ಮೂರು ಬಗೆಯಾಗಿ..."

ಹೆಂಚಿನ ಮೇಲೆ ಪಟಪಟ ಸದ್ದಾಯಿತು. ಗುರುಗಳು ಬಾಗಿಲ ಕಡೆ ನೋಡಿದರು.

"ಹನಿ ಬಿತ್ತು, ಅಡಿವೆಯ್ಯಾ. ಅಂಗಳದಲ್ಲಿ ಇಳಿಸಿ ಬಂದ ಹೊರೆ ಒಳಗಾಯಿತೇ?"